ಈ ಬೆಟ್ಟ ಯಾರದು?

ಶಿರಸಿ ಸುತ್ತಮುತ್ತಲ ಊರುಗಳನ್ನು ಫೋನಿನ ಮ್ಯಾಪ್‌ನಲ್ಲಿ ಸ್ಯಾಟಲೈಟ್ ವ್ಯೂ ಹಾಕಿ ನೋಡಿದ್ರೆ ಕಾಣೋದು ಒಂದೇ ಬಣ್ಣ, ಹಸಿರು. ಕಣಿವೆಗಳ ಗುಂಟ ಚುಕ್ಕಿ ಇಟ್ಟ ಹಾಗೆ ಅಡಿಕೆ ತೋಟದ ಸಣ್ಣ ಸಣ್ಣ ಪಟ್ಟಿಗಳು, ಉಳಿದದ್ದೆಲ್ಲ ಕಾಡು. ಆದರೆ ಅಲ್ಲಿನ ಜನರ ಬಾಯಲ್ಲಿ ಈ ಒಂದೇ ಹಸಿರಿಗೆ ಐದಾರು ಹೆಸರುಗಳಿವೆ. ಬಿಸಿಲು ನೆಲ ಮುಟ್ಟದಷ್ಟು ದಟ್ಟವಾಗಿದ್ದರೆ ಅದು ಕಾನು. ತೋಟಕ್ಕೆ ಸೊಪ್ಪು, ತರಗೆಲೆ ಕೊಡೋದು ಬೆಟ್ಟ. ದನಕ್ಕೆ ಹುಲ್ಲು ಸಿಗುವ ಬಯಲು ಬೇಣ. ವರ್ಷವಿಡೀ ನೀರು ಜಿನುಗುವ ಜೌಗು ಜಾಗ ಜಡ್ಡಿ. ಅರಣ್ಯ ಇಲಾಖೆ ಸಾಲಾಗಿ ನೆಟ್ಟ ಅಕೇಶಿಯಾಕ್ಕೆ ಮಾತ್ರ ಯಾರೂ ಕನ್ನಡದ ಹೆಸರು ಇಡೋಕೆ ಹೋಗಿಲ್ಲ. ಅದು ಬರೀ ‘ಪ್ಲಾಂಟೇಶನ್’.

ಹೆಸರು ಬೇರೆ ಅಂದ್ರೆ ಕಟ್ಟಳೆಯೂ ಬೇರೆ. ಯಾರು ಒಳಗೆ ಹೋಗಬಹುದು, ಏನು ತರಬಹುದು, ಎಷ್ಟು ತರಬಹುದು ಅನ್ನೋದೆಲ್ಲ ಆ ಒಂದು ಪದದಲ್ಲೇ ಅಡಗಿದೆ. ನಾನು ದಾವಣಗೆರೆ ಕಡೆಯ ಬಯಲುಸೀಮೆಯವನು. ನಮ್ಮಲ್ಲಿ ಹೊಲಕ್ಕೆ ಬದು ಇರುತ್ತೆ, ಪಹಣಿಯಲ್ಲಿ ಹೆಸರಿರುತ್ತೆ, ಕಥೆ ಅಲ್ಲಿಗೆ ಮುಗೀತು. ಹಾಗಾಗಿ ಕಳೆದ ಫೆಬ್ರವರಿಯಲ್ಲಿ ಆಫೀಸಿನ ಗೆಳೆಯನ ಜೊತೆ ಶಿರಸಿಗೆ ಹೋದಾಗ, ಮೂರು ದಿನವೂ ನಾನು ಕೇಳ್ತಾ ಇದ್ದದ್ದು ಒಂದೇ ಪ್ರಶ್ನೆ: ಈ ಬೆಟ್ಟ ಯಾರದು?

ಎಕರೆಗೆ ಒಂಬತ್ತು

ಬೆಂಗಳೂರಿಂದ ಶಿರಸಿಗೆ ಸುಮಾರು 400 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಚಳಿಯಲ್ಲಿ ಇಳಿಸುತ್ತೆ. ಗೆಳೆಯನ ಮನೆ ಪೇಟೆಯಿಂದ ಇನ್ನೂ ಒಳಗೆ. ಕೆಳಗೆ ಕಣಿವೆಯಲ್ಲಿ ಮೂರು ಎಕರೆ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಏಲಕ್ಕಿ. ಮೇಲೆ ಮತ್ತಿ, ಹೊನ್ನೆ, ನಂದಿ, ಕಿಂದಳ ಮರಗಳ ಗುಡ್ಡ. ಅದೇ ಅವರ ಸೊಪ್ಪಿನ ಬೆಟ್ಟ.

“ಬೆಟ್ಟ ನಿಮ್ದಾ ಅಂಕಲ್?” ಅಂದೆ ಗೆಳೆಯನ ಅಪ್ಪನಿಗೆ.

“ಜಾಗ ಸರಕಾರದ್ದು. ಸೊಪ್ಪು ನಮ್ದು” ಅಂದರು.

ಇದು ತಮಾಷೆಯ ಉತ್ತರ ಅಲ್ಲ, ದಾಖಲೆಯಲ್ಲಿ ಇರೋದೇ ಹಾಗೆ. ಬ್ರಿಟಿಷರು ಇಲ್ಲಿನ ಕಾಡನ್ನು ಅಳೆದು ಸರಕಾರದ ಹೆಸರಿಗೆ ಬರೆಸಿಕೊಂಡಾಗ, ಅಡಿಕೆ ತೋಟಕ್ಕೆ ಸೊಪ್ಪಿಲ್ಲದೆ ನಡೆಯಲ್ಲ ಅನ್ನೋದನ್ನು ಒಪ್ಪಲೇಬೇಕಾಯ್ತು. ತೋಟದಿಂದ ಬರುವ ಕಂದಾಯ ಅವರಿಗೂ ಬೇಕಿತ್ತಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಗೊತ್ತು ಮಾಡಿದರು. ತೋಟದವರು ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಭೂಮಿ ಮಾತ್ರ ಅವರದಾಗಲ್ಲ.

ದರಕು ಅಂದ್ರೆ ಉದುರಿದ ಒಣ ಎಲೆ. ಫೆಬ್ರವರಿ ಅದರ ಸುಗ್ಗಿ. ಬೆಟ್ಟದಲ್ಲಿ ಗುಡಿಸಿ, ಹೊರೆ ಕಟ್ಟಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸ್ತಾರೆ. ಸಗಣಿ, ಗಂಜಲ ಹೀರಿಕೊಂಡ ಆ ಎಲೆ ಗೊಬ್ಬರಗುಂಡಿಗೆ ಹೋಗುತ್ತೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಹಸಿ ಸೊಪ್ಪನ್ನೂ ತೋಟಕ್ಕೆ ಹೊದಿಸ್ತಾರೆ. ಮಳೆ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗಲ್ಲ, ಬೇಸಿಗೆಯಲ್ಲಿ ತೇವ ಆರಲ್ಲ. ಬೆಟ್ಟದ ಎಲೆ ದನದ ಕೊಟ್ಟಿಗೆ ದಾಟಿ ಅಡಿಕೆ ಆಗುತ್ತೆ. ಮಳೆನೀರು ಅದೇ ಬೆಟ್ಟದಲ್ಲಿ ಇಂಗಿ ತೋಟದ ಕಾಲುವೆಗೆ ಬರುತ್ತೆ.

ಸೊಪ್ಪು ಕಡಿಯೋದಕ್ಕೂ ಕ್ರಮ ಇದೆ. ತುದಿ ಮುಟ್ಟಬಾರದು, ಪಕ್ಕದ ಕೊಂಬೆ ಮಾತ್ರ. ಈ ವರ್ಷ ಕಡಿದ ಮರವನ್ನು ಮುಂದಿನ ವರ್ಷ ಬಿಡಬೇಕು. ಎಳೆಯ ಗಿಡದ ತಂಟೆಗೆ ಹೋಗಬಾರದು. ಹೇಳೋಕೆ ಸುಲಭ. ಆ ದಿನ ಗುಡ್ಡ ಹತ್ತಿ ನೋಡಿದಾಗ ಅಕ್ಕಪಕ್ಕದ ಎರಡು ಬೆಟ್ಟ ಎರಡು ಥರ ಇದ್ದವು. ಒಂದರಲ್ಲಿ ತಲೆ ಎತ್ತಿದರೆ ಆಕಾಶ ಕಾಣದಷ್ಟು ಮರ. ಇನ್ನೊಂದರಲ್ಲಿ ಕೊಂಬೆ ಕಳಕೊಂಡ ಬೋಳು ಕಂಬಗಳು, ನಡುವೆ ಮುಳ್ಳುಪೊದೆ. ಕಾನೂನು ಎರಡಕ್ಕೂ ಒಂದೇ. ನೋಡಿಕೊಳ್ಳೋ ಮನೆಗಳು ಬೇರೆ.

ಆಫೀಸಿನಲ್ಲಿ ಎಲ್ಲರಿಗೂ ಎಡಿಟ್ ಪರ್ಮಿಷನ್ ಇರೋ ಡಾಕ್ಯುಮೆಂಟ್‌ನ ಗತಿ ಗೊತ್ತಲ್ಲ. ಬಳಸೋರು ನೂರು ಜನ, ಸರಿ ಮಾಡೋರು ಯಾರೂ ಇಲ್ಲ. ‘ನೋಡಿಕೊಳ್ಳೋದು ಯಾರು’ ಅನ್ನೋ ಜಾಗದಲ್ಲಿ ಒಂದು ಹೆಸರಿದ್ದರೆ ಮಾತ್ರ ಅದು ಬದುಕುತ್ತೆ. ಬೆಟ್ಟದ್ದೂ ಹೆಚ್ಚು ಕಡಿಮೆ ಅದೇ ಕಥೆ. ಪರ್ಮಿಷನ್ ಇದ್ದರೆ ಸಾಲದು, ಒಂದು ಮರ ಕಾಣೆಯಾದರೆ ಮರುದಿನ ಬೆಳಗ್ಗೆ ಅದು ಗೊತ್ತಾಗೋ ಮನುಷ್ಯ ಬೇಕು.

ಊಟದೆಲೆಯ ಕಾಡು

ಮಧ್ಯಾಹ್ನ ಮನೆಗೆ ಬಂದ ಕೂಡಲೇ ಗೆಳೆಯನ ಅಮ್ಮ ಕೇಳಿದ್ದು, “ಆಸರಿಗೆ ಎಂತ ಬೇಕು?” ಬಾಯಾರಿಕೆಗೆ ಏನು ಕುಡೀತೀಯ ಅಂತ. ಬಂದದ್ದು ಕೆಂಪನೆಯ ಮುರುಗಲು ಪಾನಕ. ನಾವು ಪೇಟೆಯಲ್ಲಿ ಕೋಕಂ ಅಂತೀವಲ್ಲ, ಅದು. ಬಾಳೆ ಎಲೆಯಲ್ಲಿ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಳ್ಳದ ಬದಿಯ ಮರದ ಅಪ್ಪೆಮಿಡಿ ಉಪ್ಪಿನಕಾಯಿ. ದೋಸೆಗೆ ಉಪ್ಪಾಗೆ ಬೀಜದ ತುಪ್ಪ ಹಾಕಿಕೊಳ್ಳೋದೂ ಇದೆಯಂತೆ. ಇಷ್ಟರಲ್ಲಿ ಅಂಗಡಿಯಿಂದ ತಂದದ್ದು ಎಷ್ಟು ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಹೆಚ್ಚೇನೂ ಇರಲಿಲ್ಲ.

ಉಪ್ಪಾಗೆಯ ಕಥೆ ಕೇಳಿದ್ದು ಅದೇ ಊಟದ ಹೊತ್ತಲ್ಲಿ. 1990ರ ದಶಕದಲ್ಲಿ ಈ ಹಣ್ಣಿನ ಸಿಪ್ಪೆಯಿಂದ ತೂಕ ಇಳಿಸೋ ಮಾತ್ರೆ ಮಾಡಬಹುದು ಅನ್ನೋ ಸುದ್ದಿ ಹೊರದೇಶದಲ್ಲೆಲ್ಲ ಹಬ್ಬಿತು. ಅಲ್ಲಿಯವರೆಗೆ ಮನೆಮಟ್ಟಿಗೆ ಇದ್ದ ಹಣ್ಣಿಗೆ ಇದ್ದಕ್ಕಿದ್ದಂತೆ ದೊಡ್ಡ ರೇಟು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ತಾನೆ ಅನ್ನೋ ಆತುರಕ್ಕೆ ಬಲಿಯುವ ಮುಂಚೆಯೇ ಕೊಯ್ಲು, ಎಟುಕದಿದ್ದರೆ ಕೊಂಬೆಗೇ ಕತ್ತಿ. ಮಳೆಗಾಲದ ಹಣ್ಣು, ಬಿಸಿಲಿಗೆ ಒಣಗಲ್ಲ. ಸಿಪ್ಪೆ ಒಣಗಿಸೋಕೆ ಮತ್ತೆ ಕಾಡಿನ ಸೌದೆಯೇ. ಅಪ್ಪೆಮಿಡಿಗೂ ಇದೇ ಕಾಟ. ಒಳ್ಳೆ ಪರಿಮಳದ ಮರ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾದರೆ, ಮಿಡಿಯ ಜೊತೆ ಕೊಂಬೆಯೂ ಕೆಳಗೆ ಬರುತ್ತೆ.

ಕಾಡಿನ ಉತ್ಪನ್ನಕ್ಕೆ ಬೆಲೆ ಬಂದರೆ ಕಾಡು ತಾನಾಗೇ ಉಳಿಯುತ್ತೆ ಅಂತ ಕೆಲವರು ವಾದ ಮಾಡ್ತಾರೆ. ಇಲ್ಲಿನ ಅನುಭವ ಅಷ್ಟು ಸರಳವಾಗಿಲ್ಲ. ಬೆಲೆ ಬಂದಾಗ ಮರಕ್ಕೊಂದು ಯಜಮಾನಿಕೆ, ಕೊಯ್ಲಿಗೊಂದು ಮಿತಿ ಮೊದಲೇ ಇದ್ದರೆ ಉಳಿಯುತ್ತೆ. ಇಲ್ಲದಿದ್ದರೆ ಬೆಲೆಯೇ ಮರಕ್ಕೆ ಮುಳುವಾಗುತ್ತೆ.

ಸಾಲ್ಕಣಿಯ ಮೂರು ಮಾತು

ಮರುದಿನ ಬೆಳಗ್ಗೆ ಸಾಲ್ಕಣಿ ಕಡೆ ಹೋದೆವು. ನೋಡೋಕೆ ಅಂಥದ್ದೇನೂ ಇಲ್ಲ. ತೋಟ, ಮನೆ, ತಿರುವು ರಸ್ತೆ, ಕಾಡು. ಆದರೆ 1983ರ ಸೆಪ್ಟೆಂಬರ್ 8ರಂದು ಈ ಊರಿನ ಗಂಡಸರು, ಹೆಂಗಸರು, ಮಕ್ಕಳು ನಡೆದು ಹೋಗಿ ಕಾಡಿನ ಮರಗಳನ್ನು ಅಪ್ಪಿ ನಿಂತರು. ಕಡಿಯಲು ಬಂದವರ ಕೊಡಲಿ ನಿಂತಿತು. ಅದು ಒಂದು ದಿನದ ಆವೇಶ ಅಲ್ಲ, 38 ದಿನ ನಡೆಯಿತು. ಕೊನೆಗೆ ಮರ ಕಡಿಯುವ ಆದೇಶ ವಾಪಸಾಯಿತು. ಹತ್ತು ವರ್ಷ ಮುಂಚೆ, 1973ರಲ್ಲಿ, ಹಿಮಾಲಯದ ಗಢವಾಲಿನಲ್ಲಿ ಶುರುವಾದ ‘ಚಿಪ್ಕೋ’ಗೆ ಇಲ್ಲಿ ‘ಅಪ್ಪಿಕೋ’ ಅಂತ ಹೆಸರಾಯಿತು. ಸುಂದರಲಾಲ್ ಬಹುಗುಣ ಇಲ್ಲಿಗೆ ಬಂದಿದ್ದರು. ಪಾಂಡುರಂಗ ಹೆಗಡೆ ಈ ಚಳವಳಿಯನ್ನು ಮುಂದೆ ನಿಂತು ಬೆಳೆಸಿದರು. ನಂತರದ ವರ್ಷಗಳಲ್ಲಿ ರಾಜ್ಯ ಸರಕಾರ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯೋದನ್ನೇ ನಿಲ್ಲಿಸಿತು.

ಶಾಲೆಯ ಪಾಠದಲ್ಲಿ ಇದು ‘ಪರಿಸರ ಪ್ರೇಮ’ದ ಕಥೆಯಾಗಿ ಬರುತ್ತೆ. ಊರಲ್ಲಿ ಕೇಳಿದ್ರೆ ವಿಷಯ ನೀರಿಂದ ಶುರುವಾಗುತ್ತೆ. ಸಹಜ ಕಾಡು ಸವರಿ ತೇಗ ನೆಟ್ಟಲ್ಲಿ, ದೊಡ್ಡ ಮರಗಳನ್ನು ಪ್ಲೈವುಡ್ಡಿಗೆ ಸಾಗಿಸಿದಲ್ಲಿ ತೋಟದ ನೀರಿನ ಸೆಲೆ ಬತ್ತತೊಡಗಿತ್ತು. ಒಂದು ಭಾರಿ ಮರ ಉರುಳಿದರೆ ಸುತ್ತಲ ಹತ್ತು ಮರ ಮುರಿಯುತ್ತಿದ್ದವು. ಜೇನು, ಬೆತ್ತ, ಹಣ್ಣು ಎಲ್ಲ ಕಡಿಮೆಯಾಗಿತ್ತು. ಅಂದ್ರೆ ಅವರು ಅಪ್ಪಿಕೊಂಡದ್ದು ಮರವನ್ನಷ್ಟೇ ಅಲ್ಲ, ತಮ್ಮ ಮುಂದಿನ ಬೇಸಿಗೆಯ ನೀರನ್ನು.

ಅಪ್ಪಿಕೋದ ಘೋಷಣೆ ಮೂರೇ ಮಾತು: ಉಳಿಸು, ಬೆಳೆಸು, ಬಳಸು. ನನಗೆ ಬಹಳ ಮುಖ್ಯ ಅನಿಸಿದ್ದು ಮೂರನೆಯದು. ನಗರದಲ್ಲಿ ಕೂತು ಕಾಡಿನ ಬಗ್ಗೆ ಮಾತಾಡುವ ನಾವು ಮೊದಲ ಎರಡಕ್ಕೇ ನಿಲ್ಲಿಸಿಬಿಡ್ತೀವಿ. ‘ಬಳಸು’ ಅಂದ ಕೂಡಲೇ ಅಲ್ಲಿ ಲೋಭ ಕಾಣುತ್ತೆ. ಆದರೆ 38 ದಿನ ಕೆಲಸ ಬಿಟ್ಟು ಮರದ ಹತ್ತಿರ ನಿಂತವರು ದಿನಾ ಬೆಳಗಾದರೆ ಕಾಡಿಗೆ ಹೋಗುತ್ತಿದ್ದವರೇ. ಬಳಸೋ ನಂಟು ಇಲ್ಲದಿದ್ದರೆ ಕಾಯೋಕೆ ಯಾರು ಬರ್ತಿದ್ದರು?

ತೋಟ ಇಲ್ಲದವರು

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಸಾಲ್ಕಣಿಯಿಂದ ವಾಪಸ್ ಬರುವಾಗ ದಾರಿಯಲ್ಲಿ ಇಬ್ಬರು ಹೆಂಗಸರು ದರಕಿನ ಹೊರೆ ಇಳಿಸಿ ಕೂತಿದ್ದರು. ದಿನಗೂಲಿಗೆ ಬೇರೆಯವರ ಬೆಟ್ಟದಲ್ಲಿ ಗುಡಿಸಲು ಬಂದವರು. ನನ್ನ ಹಳೇ ಪ್ರಶ್ನೆಯನ್ನೇ ಕೇಳಿದೆ. ಹಿರಿಯಾಕೆ ನಕ್ಕರು.

“ನಮಗೆಂತ ಬೆಟ್ಟ ತಮ್ಮಾ? ತೋಟ ಇದ್ದವ್ರಿಗೆ ಬೆಟ್ಟ. ನಮಗೆ ತಲೆಹೊರೆ. ಅವ್ರು ಸೊಪ್ಪು ತಂದ್ರೆ ಹಕ್ಕು, ನಾವು ಸೌದೆ ತಂದ್ರೆ ಕಳ್ಳತನ.”

ಕೋಪದಿಂದ ಹೇಳಿದ್ದಲ್ಲ. ಹವಾಮಾನದ ಬಗ್ಗೆ ಹೇಳಿದ ಹಾಗಿತ್ತು. ಎಕರೆಗೆ ಒಂಬತ್ತು ಅನ್ನೋ ಲೆಕ್ಕದಲ್ಲಿ ಸೊನ್ನೆ ಎಕರೆಗೆ ಸಿಗೋದು ಸೊನ್ನೆಯೇ. ಆ ತೋಟದ ಅಡಿಕೆ ಸುಲಿಯುವ, ದರಕು ಹೊರುವ, ಕೊನೆ ಕೊಯ್ಯುವ ಮನೆಗಳಲ್ಲಿ ಹೆಚ್ಚಿನವರಿಗೆ ಬೆಟ್ಟದ ಹಕ್ಕಿಲ್ಲ. ಕಾಡಂಚಿನಲ್ಲೇ ತಲೆಮಾರುಗಳಿಂದ ಇರುವ ಸಿದ್ದಿ, ಕುಣಬಿ, ಗೌಳಿ ಕುಟುಂಬಗಳೂ ಈ ಜಿಲ್ಲೆಯಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥವರಿಗಾಗಿಯೇ ಬಂದದ್ದು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದಿಂದ ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಓದು ಬರಹ ಬಾರದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗ ಎಲ್ಲಿಂದ ತರಬೇಕು?

ಕಾಡು ಉಳಿಯಲು ದಿನಾ ನೋಡುವ ಕಣ್ಣು ಬೇಕು ಅಂದ್ರೆ, ಆ ಕಣ್ಣುಗಳು ಹೆಚ್ಚಾಗಿ ಇರೋದು ಈ ಮನೆಗಳಲ್ಲೇ. ಯಾವ ಹಳ್ಳದಲ್ಲಿ ನೀರು ಇಳಿದಿದೆ, ಯಾವ ಮರ ಒಣಗ್ತಾ ಇದೆ, ರಾತ್ರಿ ಯಾರ ಗಾಡಿ ಬಂದಿತ್ತು ಅನ್ನೋದು ಮೊದಲು ತಿಳಿಯೋದು ಅವರಿಗೆ. ನೋಡೋರಿಗೆ ಹಕ್ಕಿಲ್ಲ. ಹಕ್ಕಿದ್ದವರ ಮಕ್ಕಳು ನಮ್ಮ ಹಾಗೆ ಬೆಂಗಳೂರಲ್ಲಿ.

ಆ ಸಂಜೆ ಗೆಳೆಯನ ಅಪ್ಪ ಮಗನನ್ನು ಕರೆದು, “ಬಾ, ಬೆಟ್ಟದ ಗಡಿ ತೋರಿಸ್ತೆ” ಅಂದರು. ನಾನೂ ಹಿಂದೆ ಹೋದೆ. ಹಳೇ ಅಗಳ ಅರ್ಧ ಮುಚ್ಚಿಹೋಗಿತ್ತು. ಗೆಳೆಯ ಪ್ರತಿ ಮೂಲೆಯಲ್ಲೂ ಫೋನ್ ತೆಗೆದು ಮ್ಯಾಪಿನಲ್ಲಿ ಪಿನ್ ಹಾಕಿಕೊಳ್ತಾ ಬಂದ. ಅಪ್ಪ ಸುಮ್ಮನೆ ನೋಡ್ತಿದ್ದರು. ಕೊನೇ ಮೂಲೆಯಲ್ಲಿ, “ಪಿನ್ ಹಾಕಿದ್ರೆ ಆಯ್ತನಾ ಮಾರಾಯ? ವರ್ಷಕ್ಕೊಂದ್ಸಲ ಆದ್ರೂ ನಡೀಬೇಕು” ಅಂದರು. ಅವನು ಉತ್ತರ ಕೊಡಲಿಲ್ಲ.

ಅವರ ಕೊಟ್ಟಿಗೆಯಲ್ಲಿ ಒಂದು ಕಾಲಕ್ಕೆ ಹದಿನೆಂಟು ರಾಸು ಇದ್ದವಂತೆ. ಈಗ ಎರಡು. ಎರಡು ರಾಸಿಗೆ ಅಷ್ಟು ದರಕು ಬೇಡ, ಗುಡಿಸೋಕೆ ಆಳೂ ಸಿಗಲ್ಲ, ಗೊಬ್ಬರ ಲಾರಿಯಲ್ಲಿ ಬರುತ್ತೆ. ಗುಡಿಸದೆ ಉಳಿದ ಎಲೆಗೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಬಿದ್ದರೂ ಸಾಕು, ಬೆಂಕಿ ಗುಡ್ಡ ಏರುತ್ತೆ. ಇನ್ನೊಂದು ಕಡೆ ಅಡಿಕೆಗೆ ಬೆಲೆ ಬಂದ ಹಾಗೆ ಕಣಿವೆಯ ತೋಟ ಬೆಟ್ಟಕ್ಕೇ ಏರ್ತಾ ಇದೆ. ಬೋರ್‌ವೆಲ್ ಇದ್ದರೆ ಮೇಲಿನ ಸೆಲೆಯ ಹಂಗು ಯಾಕೆ ಅನ್ನೋ ಧೈರ್ಯ. ಬೆಟ್ಟ ಬೇಕಾಗಿದ್ದದ್ದೇ ತೋಟಕ್ಕೆ. ತೋಟಕ್ಕೇ ಬೆಟ್ಟ ಬೇಡ ಅಂದ ದಿನ ಅದನ್ನು ಕಾಯೋರು ಯಾರು?

ಕತ್ತಲೆಕಾನು

ಮೂರನೇ ದಿನ ಸಿದ್ದಾಪುರ ದಾಟಿ ಮಾವಿನಗುಂಡಿಯಿಂದ ಹೊನ್ನಾವರದ ಘಟ್ಟ ಇಳಿದೆವು. ಜೋಗಕ್ಕೆ ಹೋಗುವ ಕಾರುಗಳೆಲ್ಲ ಆ ಕಡೆ ತಿರುಗಿದ ಮೇಲೆ ರಸ್ತೆ ಖಾಲಿ. ಕತ್ತಲೆಕಾನು ಇರೋದು ಇದೇ ದಾರಿಯಲ್ಲಿ. ಹೆಸರಿಗೆ ತಕ್ಕ ಹಾಗೆ ಹಗಲು ಹನ್ನೊಂದಕ್ಕೇ ಸಂಜೆಯ ಬೆಳಕು.

ಇಲ್ಲಿನ ವಿಶೇಷ ಅಂದ್ರೆ ರಾಮಪತ್ರೆ ಜಡ್ಡಿ. ಜಾಯಿಕಾಯಿಯ ನೆಂಟ ಮರಗಳು ಇಲ್ಲಿ ನೀರಲ್ಲೇ ನಿಂತಿರುತ್ತವೆ. ಕೆಸರಲ್ಲಿ ಬೇರಿಗೆ ಉಸಿರಾಡೋಕೆ ಆಗಲ್ಲವಲ್ಲ, ಅದಕ್ಕೆ ಕೆಲವು ಮರದ ಬೇರು ಮಡಿಸಿದ ಮೊಣಕಾಲಿನ ಹಾಗೆ ನೆಲದಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತೆ. ಇನ್ನು ಕೆಲವಕ್ಕೆ ಕಾಂಡದಿಂದಲೇ ಊರುಗೋಲಿನಂಥ ಬೇರು. ಗೇರು ಕುಟುಂಬದ ಅಪರೂಪದ ಮರವೊಂದನ್ನು ಸಸ್ಯವಿಜ್ಞಾನಿಗಳು ಇಲ್ಲಿ ಗುರುತಿಸಿ, 2000ರಲ್ಲಿ ಈ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಸಿಂಗಳೀಕಗಳೂ ಈ ಸೀಮೆಯಲ್ಲಿವೆ. ಅವುಗಳಿಗಾಗಿ 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಲಾಯಿತು.

ಇಂಥ ಜಡ್ಡಿಗಳು ಮೊದಲು ಇನ್ನೂ ಎಷ್ಟೋ ಇದ್ದವು. ವರ್ಷವಿಡೀ ನೀರಿರುವ ತಗ್ಗು ಜಾಗ ಯಾರಿಗೆ ಬೇಡ? ಬಹಳಷ್ಟು ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ಬೆಟ್ಟವನ್ನು ಉಳಿಸಿಕೊಂಡ ಅಡಿಕೆಯೇ ಜಡ್ಡಿಯನ್ನು ಅಳಿಸಿತು ಅನ್ನೋದನ್ನೂ ಮರೆಯುವಂತಿಲ್ಲ.

ಹಾಗಾದ್ರೆ ಕಾನುಗಳು ಹೇಗೆ ಉಳಿದವು? ಹಲವು ಕಡೆ ದೇವರ ಹೆಸರಲ್ಲಿ. ಈಸ್ಟ್ ಇಂಡಿಯಾ ಕಂಪನಿಗಾಗಿ 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಇಲ್ಲಿನ ಕಾಡುಗಳು ಊರ ದೇವರ ಆಸ್ತಿ ಅಂತೆ, ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲವಂತೆ, ಆ ಗೌಡನೇ ಪೂಜಾರಿಯೂ ಹೌದಂತೆ. ಇದು ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಊರವರು ಹೂಡಿದ ಉಪಾಯ ಅಂತ ಅವನಿಗೆ ಗುಮಾನಿ.

ಇರಬಹುದು, ಏನೀಗ? ದೇವರು ಕೋರ್ಟಿಗೆ ಬರದಿದ್ದರೂ ಅಪ್ಪಣೆ ಕೇಳೋಕೆ ಒಂದು ಬಾಗಿಲು ಇತ್ತಲ್ಲ. ಕೊಡಲಿ ಎತ್ತುವ ಮುಂಚೆ ಊರಿನ ಒಬ್ಬನ ಮುಂದೆ ನಿಂತು ‘ಒಂದು ಮರ ಬೇಕಿತ್ತು’ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಅಷ್ಟು ಮುಜುಗರವೇ ಎಷ್ಟೋ ಮರ ಉಳಿಸಿರುತ್ತೆ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಸರಕಾರ ಕಾಡನ್ನು ಮೀಸಲು ಮಾಡಿತು. ಅಪ್ಪಣೆ ಕೊಡುವವನು ಊರು ಬಿಟ್ಟು ಕಚೇರಿಗೆ ಹೋದ. ಊರಿನವರ ಕಣ್ಣಿಗೆ ಕಾಡು ‘ನಮ್ಮದು’ ಅನ್ನೋದರಿಂದ ‘ಅವರದು’ ಆಯಿತು.

ಹಳಕಾರದವರ ಲೆಕ್ಕ

ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ಕುಮಟಾ. ಕುಮಟಾದ ಪಕ್ಕದಲ್ಲೇ ಹಳಕಾರ. ಗೈಡ್ ಪುಸ್ತಕದಲ್ಲಿ ಈ ಹೆಸರು ಸಿಗಲ್ಲ. ಆದರೆ ನನ್ನ ಪ್ರಶ್ನೆಗೆ ಮೂರು ದಿನದಲ್ಲಿ ನೇರ ಉತ್ತರ ಸಿಕ್ಕಿದ್ದು ಇಲ್ಲಿ. ಈ ಬೆಟ್ಟ ಯಾರದು? ಊರಿನದು.

1920ರ ದಶಕದಲ್ಲಿ, ಜನರ ದೂರು ಹೆಚ್ಚಾದಾಗ ಬ್ರಿಟಿಷ್ ಸರಕಾರ ಕೆಲವು ಊರುಗಳಿಗೆ ಹತ್ತಿರದ ಕಾಡನ್ನು ನೋಡಿಕೊಳ್ಳಲು ಬಿಟ್ಟಿತು. ಹಾಗೆ ಹುಟ್ಟಿದ ಹಳಕಾರದ ಗ್ರಾಮ ಅರಣ್ಯ ಪಂಚಾಯತಿ ಇವತ್ತಿಗೂ ಇದೆ. ಮುಂದೆ ನಮ್ಮದೇ ಸರಕಾರ ಇಂಥ ಪಂಚಾಯತಿಗಳನ್ನು ಮುಚ್ಚಲು ಹೊರಟಾಗ ಹಳಕಾರದವರು ಕೋರ್ಟಿಗೆ ಹೋಗಿ ತಮ್ಮದನ್ನು ಉಳಿಸಿಕೊಂಡರು.

ವ್ಯವಸ್ಥೆಯಲ್ಲಿ ದೊಡ್ಡ ತಂತ್ರ ಏನಿಲ್ಲ. ಊರಿನವರೇ ಆರಿಸಿದ ಸಮಿತಿ. ಸೌದೆ, ಸೊಪ್ಪಿಗೆ ಮನೆಗಳಿಂದ ಒಂದಿಷ್ಟು ಶುಲ್ಕ. ಕಾಯಲು ಊರೇ ಇಟ್ಟುಕೊಂಡ ಕಾವಲುಗಾರ. ಇಲ್ಲಿ ಹಕ್ಕು ತೋಟದ ಅಳತೆಯ ಮೇಲೆ ಸಿಗಲ್ಲ, ಊರಿನಲ್ಲಿ ಒಲೆ ಉರಿಯುತ್ತೆ ಅನ್ನೋದಕ್ಕೆ ಸಿಗುತ್ತೆ. ಶಿರಸಿ ದಾರಿಯಲ್ಲಿ ಸಿಕ್ಕ ಆ ಹಿರಿಯಾಕೆ ಇಲ್ಲಿ ಹುಟ್ಟಿದ್ದರೆ ಅವರ ತಲೆಹೊರೆ ಕಳ್ಳತನ ಆಗ್ತಿರಲಿಲ್ಲ. ಸುತ್ತಲೂ ಕಲ್ಲು ಎದ್ದ ಬೋಳುಗುಡ್ಡ ಇರೋ ಕರಾವಳಿಯಲ್ಲಿ, ಪೇಟೆಗೆ ಅಂಟಿಕೊಂಡೇ ಇರುವ ಈ ಕಾಡು ಸುಮಾರು ನೂರು ವರ್ಷ ಉಳಿದಿದೆ. ಗ್ಯಾಸ್ ಬಂದ ಮೇಲೆ ಸೌದೆಯ ಅಗತ್ಯ ಕಡಿಮೆಯಾಗಿದೆ, ನಿಜ. ಆದರೆ ಲೆಕ್ಕ ಕೇಳೋ ಅಭ್ಯಾಸ ಹೋಗಿಲ್ಲ. ಬೆಟ್ಟದ ಆಚೆ ತೋಟಗಳಲ್ಲಿ ಕಳಚಿಹೋಗುತ್ತಿರುವ ಕೊಂಡಿ ಅದೇ.

ಕಾಡಿಗೆ ಬೇಲಿ ಹಾಕಿ ಜನರನ್ನು ಹೊರಗಿಟ್ಟರೆ ಉಳಿಯುತ್ತೆ ಅನ್ನೋರಿದ್ದಾರೆ, ಜನರಿಗೆ ಬಿಟ್ಟುಬಿಟ್ಟರೆ ಉಳಿಯುತ್ತೆ ಅನ್ನೋರೂ ಇದ್ದಾರೆ. ಬೋಳಾದ ಬೆಟ್ಟ, ತೋಟವಾದ ಜಡ್ಡಿ, ಕೊಂಬೆ ಕಳಕೊಂಡ ಉಪ್ಪಾಗೆ ನೋಡಿದ ಮೇಲೆ ಎರಡನೇ ಮಾತನ್ನು ಹಾಗೇ ಒಪ್ಪೋದು ಕಷ್ಟ. ಸಾಲ್ಕಣಿ, ಹಳಕಾರ ನೋಡಿದ ಮೇಲೆ ಮೊದಲನೆಯದನ್ನೂ ಒಪ್ಪೋದು ಕಷ್ಟ. ಬೇಕಾಗಿರೋದು ಕಾಡಿನಿಂದ ಏನೋ ಒಂದು ಪಡೆಯುವ, ಅದಕ್ಕಾಗಿ ಲೆಕ್ಕ ಕೊಡುವ, ಹತ್ತಿರದಲ್ಲೇ ಇರುವ ಮನುಷ್ಯರು. ಅಂಥವರ ಹಕ್ಕು ಕಾಗದದ ಮೇಲೂ ಗಟ್ಟಿಯಾಗಿರಬೇಕು.

ನಾವು ನೀವು ವಾರಾಂತ್ಯಕ್ಕೆ ಹೋಗಿ ಬರೋರು. ಉಂಚಳ್ಳಿ ಫಾಲ್ಸ್, ಯಾಣ ನೋಡಿ, ಫೋಟೊ ಹಾಕಿ, ತಪ್ಪೇನಿಲ್ಲ. ಜೊತೆಗೆ ಹೋಮ್‌ಸ್ಟೇಯವರನ್ನು ಕೇಳಿ, ಎದುರಿಗಿರೋ ಹಸಿರು ಕಾನೋ, ಬೆಟ್ಟವೋ, ಪ್ಲಾಂಟೇಶನ್ನೋ? ಕೋಕಂ, ಅಪ್ಪೆಮಿಡಿ ಕೊಳ್ಳುವಾಗ ಕೇಳಿ, ಕೊಂಬೆ ಕಡಿದು ತಂದದ್ದೋ, ಮರ ಹತ್ತಿ ಕೊಯ್ದದ್ದೋ? ಕೇಳೋ ಗಿರಾಕಿ ಇದ್ದಾನೆ ಅಂತ ಗೊತ್ತಾದರೆ ಕೊಯ್ಯುವವರ ಕೈ ಸ್ವಲ್ಪ ಹಗುರಾಗುತ್ತೆ.

ಊರಲ್ಲಿ ತೋಟ, ಬೆಟ್ಟ ಇದ್ದು ಇಲ್ಲಿ ಕೋಡ್ ಬರೀತಾ ಇರೋರಿಗೆ ಇನ್ನೊಂದು ಮಾತು. ಮಳೆಗಾಲ ಮುಗಿದ ಮೇಲೆ ಎರಡು ದಿನ ರಜೆ ಹಾಕಿ. ಅಪ್ಪ ಇರುವಾಗಲೇ ಜೊತೆಗೆ ಹೋಗಿ ಗಡಿ ಸುತ್ತಿ ಬನ್ನಿ. ದರಕು ಗುಡಿಸೋರ ಹೆಸರು ಕೇಳಿ ತಿಳ್ಕೊಳ್ಳಿ. ಮುಂದೆ ನಿಮ್ಮ ಬೆಟ್ಟವನ್ನು ಉಳಿಸೋರು ಅವರೇ ಆಗಬಹುದು.